ಆರದ ಕೆಂಪು ದೀಪ

ಶಿವಮೊಗ್ಗದಲ್ಲಿ ಅಕ್ಕನ ಮನೆ. ಹೊರಗೆ ಜಡಿಮಳೆ ಹಿಡಿದಿತ್ತು. ನಡುಮನೆಯ ಮೂಲೆಯಲ್ಲಿ ಭಾವ ಬಳಸುತ್ತಿದ್ದ ಹಳೇ ಕಂಪ್ಯೂಟರು. ಸಿಪಿಯು ಡಬ್ಬಿಯ ಮುಂದೆ ಅಕ್ಕಿಕಾಳಿನಷ್ಟು ಕೆಂಪು ದೀಪ. ಆಗಾಗ ಮಿಣುಕಿ ಸುಮ್ಮನಾಗಬೇಕಾದದ್ದು ಒಂದೇ ಸಮನೆ ಉರಿಯುತ್ತಿತ್ತು. ಒಳಗೆ ಕರಕರ ಸದ್ದು, ಅಟ್ಟದ ಮೇಲೆ ಇಲಿ ಕಾಗದ ಕಡಿದ ಹಾಗೆ.

"ನಾನೇನೂ ಮುಟ್ಟಿಲ್ಲ ಕಣೋ, ಆನ್ ಮಾಡಿದ್ದಷ್ಟೇ. ಅರ್ಧ ಗಂಟೆಯಿಂದ ಹೀಗೇ ಕೆರೀತಾ ಇದೆ. ನಿಮ್ಮ ಭಾವನ ಫೋಟೋ ಎಲ್ಲಾ ಇದರಲ್ಲೇ ಇರೋದು," ಎಂದಳು ಅಕ್ಕ. ದನಿ ಸಣ್ಣಗಾಗಿತ್ತು.

ಆ ಡಬ್ಬಿಯೊಳಗಿನ ಹಾರ್ಡ್ ಡಿಸ್ಕಿನಲ್ಲಿ ಕನ್ನಡಿಯಂತೆ ಹೊಳೆಯುವ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಅದರ ಮೇಲೆ, ಕೂದಲೆಳೆಯೂ ನುಸುಳದಷ್ಟು ಸಂದಿಯಲ್ಲಿ, ಓದುವ ತಲೆ ತೇಲುತ್ತಿರುತ್ತದೆ. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಿಂದ ಈವರೆಗೂ ಮೂಲ ವಿದ್ಯೆ ಇದೇ: ತಟ್ಟೆ ತಿರುಗಬೇಕು, ತೋಳು ಓಡಾಡಬೇಕು. ಬೇಕಾದದ್ದು ಒಂದೇ ಕಡೆ ಇದ್ದರೆ ಓದು ಸರಾಗ. ಚೆದುರಿದ್ದರೆ ಆ ತುದಿಗೂ ಈ ತುದಿಗೂ ಜಿಗಿತ. ಸೆಕೆಂಡಿಗೆ ನೂರರ ಆಸುಪಾಸು ಜಿಗಿದರೆ ಅದರ ತಾಕತ್ತು ಮುಗಿಯಿತು. ನಮಗೆ ಕೇಳಿಸುವ ಕರಕರ ಆ ತೋಳಿನ ಓಡಾಟ; ಕೆಂಪು ದೀಪ ಡಿಸ್ಕು ಕೆಲಸದಲ್ಲಿದೆ ಎಂಬುದರ ಗುರುತು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆಯುವುದಕ್ಕೇ ಒಂದು ನಿಮಿಷ ಬೇಕಾಯಿತು. ಡಿಸ್ಕ್ ಕಾಲಂ 100%. ಆ ತಲೆಬರಹ ಒತ್ತಿದರೆ ಹೆಚ್ಚು ತಿನ್ನುವವರು ಮೇಲೆ ಬರುತ್ತಾರೆ. ಬಂದರು: ಅಪ್‌ಡೇಟು, ಆಂಟಿವೈರಸ್ ತಪಾಸಣೆ, ಕಡತಗಳ ಸೂಚಿ ಬರೆಯುವ ಇಂಡೆಕ್ಸರ್. ಅಕ್ಕ ತಿಂಗಳಿಗೊಮ್ಮೆ ಆನ್ ಮಾಡಿ, ಹತ್ತು ನಿಮಿಷಕ್ಕೆ ಆಫ್ ಮಾಡುತ್ತಾಳೆ. ಮುಗಿಯದ ಕೆಲಸವೆಲ್ಲ ಬಾಕಿ ಬಿದ್ದು, ಆನ್ ಆದ ಕೂಡಲೇ ಒಟ್ಟಿಗೆ ಮೇಲೆ ಬೀಳುತ್ತಿತ್ತು. ಸಾಲದ್ದಕ್ಕೆ, ಆನ್ ಆದೊಡನೆ ತಾನಾಗಿ ತೆರೆದುಕೊಳ್ಳುವ ಬ್ರೌಸರು, ಅದರಲ್ಲಿ ಹಳೆಯ ಇಪ್ಪತ್ತೆರಡು ಟ್ಯಾಬು. ರ್ಯಾಮ್ ಇದ್ದದ್ದು 4 ಜಿಬಿ. ಅದು ತುಂಬಿ, ಹಿಡಿಸದ್ದನ್ನೆಲ್ಲ ಡಿಸ್ಕಿನ ಪೇಜ್ ಫೈಲಿಗೆ ಬರೆಯುವುದು, ಮತ್ತೆ ಅಲ್ಲಿಂದ ಓದುವುದು. ರಿಸೋರ್ಸ್ ಮಾನಿಟರಿನಲ್ಲಿ ಮೇಲಿನ ಸಾಲಿನಲ್ಲಿದ್ದದ್ದು ಆ ಕಡತವೇ.

ಆದರೂ ಒಂದು ಭಯ ಉಳಿದಿತ್ತು. ಡಿಸ್ಕ್ 100% ತೋರಿಸಿ, ಸಾಗುತ್ತಿರುವ ಮಾಹಿತಿ ಮಾತ್ರ ಚೂರುಪಾರು ಆಗಿದ್ದು, ಟಕ್ ಟಕ್ ಎಂದು ಲಯಬದ್ಧ ಸದ್ದು ಬಂದರೆ, ಡಿಸ್ಕೇ ಸಾಯುತ್ತಿರಬಹುದು. ಅದಕ್ಕೇ ರಿಪೇರಿಗೆ ಕೈಹಾಕುವ ಮೊದಲು ಬ್ರೌಸರ್ ಮುಚ್ಚಿ, ಭಾವನ ಫೋಟೋಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಲು ಹಾಕಿದೆ. ಒಂದೊಂದೇ ಹೆಸರು ದಾಟುತ್ತಿದ್ದರೆ ಅಕ್ಕ ಕುರ್ಚಿ ಎಳೆದುಕೊಂಡು ಕೂತು ನೋಡಿದಳು: ಆಗುಂಬೆ, ಗೃಹಪ್ರವೇಶ, ಪುಟ್ಟಿ ನಾಮಕರಣ.

ನಕಲು ಮುಗಿದ ಮೇಲೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆಗೆದೆ. ಕೆಟ್ಟು ಬದಲಾಯಿಸಿದ ಸೆಕ್ಟರು ಸೊನ್ನೆ. ಬ್ರೌಸರನ್ನು ಸ್ಟಾರ್ಟಪ್ ಪಟ್ಟಿಯಿಂದ ತೆಗೆದು, ಅಪ್‌ಡೇಟು ಪೂರ್ತಿಯಾಗಲು ಬಿಟ್ಟೆ. ರಾತ್ರಿ ಹತ್ತೂವರೆಗೆ ಕರಕರ ನಿಂತಿತು. ಕೆಂಪು ದೀಪ ಆರಿತು.

ನಿಮ್ಮ ಮನೆಯಲ್ಲೂ ಇಂಥದೊಂದು ಹಳೇ ಡಿಸ್ಕು ಇದ್ದರೆ, ಅದು ಸದ್ದು ಮಾಡಲಿ, ಬಿಡಲಿ, ಅದರಲ್ಲಿರುವ ಫೋಟೋಗಳನ್ನು ದಯವಿಟ್ಟು ಇವತ್ತೇ ಇನ್ನೊಂದು ಕಡೆ ನಕಲು ಮಾಡಿಡಿ.