ಐವರ ಪಂದ್ಯಕ್ಕೆ ದಳಪತಿ ಯಾರು?

ಐದು ಬೆರಳೂ ಒಂದೇ ಸಮನಾಗಿಲ್ಲವೆಂಬ ಗಾದೆಯನ್ನು ನಾವು ಬಹುಮಟ್ಟಿಗೆ ಅಸಮಾಧಾನದ ಮಾತಾಗಿಯೇ ಆಡುತ್ತಿರುವೆವು. ಮನೆಯ ಮಕ್ಕಳಲ್ಲಿ ಒಬ್ಬನು ಚುರುಕಾಗಿಯೂ ಮತ್ತೊಬ್ಬನು ನಿಧಾನಿಯಾಗಿಯೂ ಇದ್ದಲ್ಲಿ, ಅಣ್ಣತಮ್ಮಂದಿರ ಸ್ವಭಾವಗಳು ಒಂದಕ್ಕೊಂದು ಹೊಂದದೆ ಇದ್ದಲ್ಲಿ, ಈ ಗಾದೆಯನ್ನು ಹೇಳಿ ನಿಟ್ಟುಸಿರು ಬಿಡುವುದು ಹಿರಿಯರ ವಾಡಿಕೆ. ಬೆರಳುಗಳೆಲ್ಲವೂ ಸಮನಾಗಿದ್ದಿದ್ದರೆ ಕೈಗೆ ಹಿಡಿತವೆಂಬುದು ಇರುತ್ತಿತ್ತೇ ಎಂದು ಕೇಳಿಕೊಳ್ಳುವವರು ವಿರಳ. ಈ ಪ್ರಶ್ನೆಗೆ ಸೊಗಸಾದ ಉತ್ತರವೊಂದು ಜಪಾನ್ ದೇಶದ ಕತ್ತಿವರಸೆಯ ಅಂಗಳದಲ್ಲಿ ದೊರೆಯುವುದರಿಂದ, ಅದನ್ನು ನಮ್ಮ ವಾಚಕರ ಮುಂದಿಡಲು ಬಯಸುವೆವು.

ನಮ್ಮ ಗರಡಿಯ ಕುಸ್ತಿಯನ್ನು ಕಂಡವರಿಗೆ ಜೋಡಿಯ ಕಾಳಗವು ಹೊಸದಲ್ಲ. ಇಬ್ಬರು ಪೈಲ್ವಾನರು ಮಣ್ಣಿಗಿಳಿದರೆಂದರೆ ಗೆಲವೂ ಸೋಲೂ ಅವರಿಬ್ಬರವೇ. ಜಪಾನಿನ ಕೆಂಡೋ ಎಂಬ ಕತ್ತಿವರಸೆಯಲ್ಲಿಯೂ ಒಬ್ಬನೆದುರು ಒಬ್ಬನೇ ನಿಲ್ಲುವನು. ಆದರೆ ತಂಡಗಳ ಪಂದ್ಯವಾದಲ್ಲಿ ಐವರಿಗೆ ಐವರು ಎದುರಾಗಿ, ಸರದಿಯಂತೆ ಐದು ಕಾಳಗಗಳು ನಡೆದು, ಅವುಗಳ ಒಟ್ಟು ಫಲದಿಂದ ಗೆಲವು ನಿರ್ಣಯವಾಗುವುದು. ಉಕ್ಕಿನ ಕತ್ತಿಗೆ ಬದಲಾಗಿ, ಬಿದಿರಿನ ನಾಲ್ಕು ಸೀಳುಗಳನ್ನು ಕೂಡಿಸಿ ಕಟ್ಟಿದ ಶಿನಾಯ್ ಎಂಬ ಆಯುಧವನ್ನು ಹಿಡಿದು, ಮುಖಕ್ಕೂ ಮೈಗೂ ಕೈಗೂ ಕವಚವನ್ನು ತೊಟ್ಟು ಆಡತಕ್ಕ ಆಟವಿದು. ತಲೆ, ಮುಂಗೈ, ಪಕ್ಕೆ, ಗಂಟಲು ಎಂಬ ನಾಲ್ಕು ಸ್ಥಾನಗಳಿಗೆ ಸರಿಯಾದ ಕ್ರಮದಲ್ಲಿ ತಗಲಿದ ಪೆಟ್ಟಿಗೆ ಮಾತ್ರವೇ ಅಂಕವುಂಟು. ಮೊದಲು ಎರಡು ಅಂಕಗಳನ್ನು ಗಳಿಸಿದವನು ಗೆದ್ದನು; ಕಾಲಾವಧಿಯು ಮುಗಿದಾಗ ಒಂದೇ ಅಂಕದಿಂದ ಮುಂದಿದ್ದರೂ ಅದು ಗೆಲವೇ; ಇಬ್ಬರೂ ಸಮನಾಗಿದ್ದರೆ ಜೋಡಿಯನ್ನು ಸಮವೆಂದು ಬಿಡಿಸುವರು.

ಈ ಐವರಿಗೂ ಒಂದೊಂದು ಹೆಸರುಂಟು. ಮೊದಲನೆಯವನು ಸೆಂಪೋ, ಎಂದರೆ ಸೈನ್ಯದ ಮುಂಚೂಣಿಯವನು; ಎರಡನೆಯವನು ಜಿಹೋ; ನಡುವಿನವನು ಚೂಕೆನ್; ನಾಲ್ಕನೆಯವನು ಫುಕುಶೋ, ಅಂದರೆ ಉಪದಳಪತಿ; ಕೊನೆಯವನು ತೈಶೋ, ಆತನೇ ದಳಪತಿ. ಇವರ ಹೆಸರುಗಳನ್ನು ಕ್ರಮವಾಗಿ ಬರೆದು ಪಂದ್ಯಕ್ಕೆ ಮುಂಚಿತವಾಗಿಯೇ ಅಧಿಕಾರಿಗಳಿಗೆ ಒಪ್ಪಿಸಬೇಕು. ಪಂದ್ಯವು ಆರಂಭವಾದ ಬಳಿಕ ಕ್ರಮವನ್ನು ಬದಲಿಸುವಂತಿಲ್ಲ; ಹೊರಗೆ ಕುಳಿತವರು ಕೂಗಿ ಬುದ್ಧಿ ಹೇಳುವಂತೆಯೂ ಇಲ್ಲ. ಆದುದರಿಂದ ಗುರುವಿನ ಕೆಲಸವೆಲ್ಲವೂ ಆ ಐದು ಹೆಸರುಗಳನ್ನು ಬರೆಯುವಾಗಲೇ ಮುಗಿದುಹೋಗುವುದು. ಬರೆದ ಲೇಖನಿಯನ್ನು ಕೆಳಗಿಟ್ಟ ಮೇಲೆ ಆತನೂ ನಮ್ಮ ನಿಮ್ಮಂತೆ ನೋಡುವವನೇ ಸರಿ.

ಹಾಗಾದರೆ ಬಲಿಷ್ಠರಾದ ಐವರನ್ನು ಆರಿಸಿ, ಅವರೊಳಗೆ ಅತಿ ಬಲಿಷ್ಠನನ್ನು ದಳಪತಿಯಾಗಿ ಮಾಡಿದರೆ ತೀರಿತಲ್ಲವೇ ಎಂದು ವಾಚಕರು ಕೇಳಬಹುದು. ಅಷ್ಟಕ್ಕೇ ತೀರದೆಂಬುದನ್ನು ಲೆಕ್ಕದ ನಿಯಮವೇ ತಿಳಿಸಿಕೊಡುವುದು. ಐದು ಕಾಳಗಗಳಲ್ಲಿ ಹೆಚ್ಚು ಗೆದ್ದ ತಂಡಕ್ಕೆ ಜಯ. ಗೆಲವುಗಳು ಸಮನಾದರೆ, ಐವರೂ ಗಳಿಸಿದ ಅಂಕಗಳನ್ನು ಕೂಡಿಸಿ ನೋಡುವರು. ಒಂದು ತಂಡವು ಎರಡು ಕಾಳಗಗಳಲ್ಲಿ ಎರಡೆರಡು ಅಂಕಗಳಿಂದ ಗೆದ್ದಿದೆಯೆಂದೂ, ಎದುರಾಳಿ ತಂಡವೂ ಎರಡರಲ್ಲಿ ಗೆದ್ದಿದೆಯೆಂದೂ, ಉಳಿದ ಒಂದು ಕಾಳಗವು ಅಂಕವಿಲ್ಲದೆ ಸಮವಾಯಿತೆಂದೂ ಇಟ್ಟುಕೊಳ್ಳೋಣ. ಮೊದಲ ತಂಡದಲ್ಲಿ ಸೋತ ಇಬ್ಬರ ಪೈಕಿ ಒಬ್ಬನು ಎರಡು ಪೆಟ್ಟುಗಳನ್ನು ತಿನ್ನದೆ ಒಂದೇ ಪೆಟ್ಟಿಗೆ ನಿಲ್ಲಿಸಿಕೊಂಡಿದ್ದನಾದರೆ, ಎದುರಾಳಿಗಳ ಲೆಕ್ಕಕ್ಕೆ ಮೂರೇ ಅಂಕಗಳು ಸೇರಿ, ನಾಲ್ಕು ಅಂಕಗಳ ಮೊದಲ ತಂಡಕ್ಕೆ ಜಯವು ಬರುವುದು. ಆ ಜಯವನ್ನು ತಂದವನು ಯಾರು? ಸೋತವನೇ! ತಾನು ಸೋಲುವೆನೆಂದು ತಿಳಿದ ಮೇಲೂ ಉಳಿದ ಹೊತ್ತನ್ನು ಹಲ್ಲುಕಚ್ಚಿ ಕಾದವನೇ ತಂಡವನ್ನು ಕಾಯ್ದನು. ಬರಿಯ ಗೆಲವನ್ನು ಬಲ್ಲವನಿಗಿಂತ ಸೋಲನ್ನು ಚಿಕ್ಕದಾಗಿಸಬಲ್ಲವನೇ ಎಷ್ಟೋ ವೇಳೆ ಬೆಲೆಯುಳ್ಳವನಾಗುವನು.

ಸರದಿಯ ಲೆಕ್ಕಾಚಾರಕ್ಕೆ ಚೀನಾ ದೇಶದ ಹಳೆಯ ಕಥೆಯೊಂದು ಪ್ರಸಿದ್ಧವಾಗಿದೆ. ಸಿಮಾ ಚಿಯೆನ್ ಎಂಬ ಇತಿಹಾಸಕಾರನು ಅದನ್ನು ಬರೆದಿಟ್ಟಿರುವನು. ಛೀ ರಾಜ್ಯದ ಸೇನಾನಿಯಾದ ತಿಯೆನ್ ಜಿ ಎಂಬುವನು ಕುದುರೆಯ ಜೂಜಿನಲ್ಲಿ ತೊಡಗಿದ್ದಾಗ, ಯುದ್ಧಶಾಸ್ತ್ರ ನಿಪುಣನಾದ ಸುನ್ ಬಿನ್ ಎಂಬುವನು ಒಂದು ಉಪಾಯವನ್ನು ಹೇಳಿಕೊಟ್ಟನು. ಅವರ ಉತ್ತಮ ಕುದುರೆಗೆ ನಿನ್ನ ಕನಿಷ್ಠ ಕುದುರೆಯನ್ನು ಬಿಡು. ಅವರ ಮಧ್ಯಮಕ್ಕೆ ನಿನ್ನ ಉತ್ತಮವನ್ನೂ ಅವರ ಕನಿಷ್ಠಕ್ಕೆ ನಿನ್ನ ಮಧ್ಯಮವನ್ನೂ ಬಿಡು, ಎಂಬುದೇ ಆ ಉಪಾಯ. ಒಂದನ್ನು ಸೋತು ಎರಡನ್ನು ಗೆದ್ದ ತಿಯೆನ್ ಜಿಗೆ ಪಣದ ಹಣವೆಲ್ಲವೂ ದಕ್ಕಿತು.

ಉಪಾಯವೇನೋ ಜಾಣತನದ್ದೇ. ಆದರೆ ಕುದುರೆಗೂ ಮನುಷ್ಯನಿಗೂ ಒಂದು ಭೇದವುಂಟು. ಸೋಲಲೆಂದೇ ತನ್ನನ್ನು ಓಟಕ್ಕೆ ಬಿಟ್ಟರೆಂಬುದು ಕುದುರೆಗೆ ತಿಳಿಯದು, ಮನುಷ್ಯನಿಗೆ ತಿಳಿಯುವುದು. ಪ್ರಬಲನ ಎದುರಿಗೆ ದುರ್ಬಲನನ್ನು ನಿಲ್ಲಿಸಿದ ಗುರುವು ಅವನನ್ನು ಬಲಿಗೊಟ್ಟ ಹಾಗಾಯಿತೇ, ಇಲ್ಲವೇ ಅವನಲ್ಲಿ ನಂಬಿಕೆಯಿಟ್ಟ ಹಾಗಾಯಿತೇ? ನಮಗೆ ತೋರುವ ಮಟ್ಟಿಗೆ, ಅದು ಗುರುವು ಆಡುವ ಮಾತಿನಲ್ಲಿದೆ. ನೀನು ಹೋಗಿ ಸೋತು ಬಾ ಎಂದರೆ ಅದು ಬಲಿ. ನೀನು ಸಮಮಾಡಿಕೊಂಡು ಬಂದರೆ ನಮಗೆ ಅದೇ ಗೆಲವು, ಒಂದೇ ಪೆಟ್ಟಿಗೆ ಸೋತು ಬಂದರೂ ನಿನ್ನ ಪಾಲಿನ ಕೆಲಸವು ನೆರವೇರಿದಂತೆಯೇ, ಎಂದರೆ ಅದು ನಂಬಿಕೆ. ಎದುರಿಗೆ ನಿಲ್ಲುವ ಆಳೂ ಅವನೇ, ಸ್ಥಾನವೂ ಅದೇ. ಆದರೂ ಮೊದಲನೆಯ ಮಾತನ್ನು ಕೇಳಿದವನು ಬೆನ್ನು ಬಾಗಿಸಿಕೊಂಡು ಹೋಗುವನು, ಎರಡನೆಯದನ್ನು ಕೇಳಿದವನು ಎದೆಯೆತ್ತಿಕೊಂಡು ಹೋಗುವನು.

ಆಟಗಾರರ ಆಯ್ಕೆಯಲ್ಲಿ ಸ್ವಭಾವಕ್ಕೆ ಇಷ್ಟು ಮನ್ನಣೆ ಇರುವುದು ಇದರಿಂದಲೇ. ಮುಂಚೂಣಿಯವನಿಗೆ ಹಿಂದುಮುಂದು ನೋಡದೆ ನುಗ್ಗುವ ಉತ್ಸಾಹವು ಬೇಕು. ಅವನ ಮೊದಲ ಪೆಟ್ಟಿನಿಂದ ಹಿಂದಿನ ನಾಲ್ವರಿಗೂ ಧೈರ್ಯ ಬರುವುದು. ಎರಡನೆಯವನು ಮೊದಲಿನವನ ಗೆಲವನ್ನು ಬೆಳೆಸಬೇಕು, ಇಲ್ಲವೆ ಅವನ ಸೋಲನ್ನು ಸರಿಪಡಿಸಬೇಕು. ನಡುವಿನವನಲ್ಲಿ ಪಂದ್ಯವು ಅತ್ತಲೋ ಇತ್ತಲೋ ವಾಲುವುದರಿಂದ ಗಟ್ಟಿಗನೇ ಅಲ್ಲಿ ನಿಲ್ಲಬೇಕು. ನಾಲ್ಕನೆಯವನಿಗೆ ಲೆಕ್ಕದ ಬುದ್ಧಿಯು ಅವಶ್ಯಕ. ತಂಡವು ಎರಡು ಗೆಲವುಗಳಿಂದ ಹಿಂದೆ ಬಿದ್ದಿದ್ದಾಗ ಅವನು ಸಮಮಾಡಿಕೊಂಡರೂ ದಳಪತಿಗೆ ಮಾಡಲು ಏನೂ ಉಳಿಯದು; ಅವನು ಗೆದ್ದರೆ ಮಾತ್ರವೇ ಐದನೆಯ ಕಾಳಗಕ್ಕೆ ಅರ್ಥವುಂಟು.

ಇನ್ನು ದಳಪತಿ. ಅವನು ಕುಶಲಿಯಾಗಿರಬೇಕೆಂಬುದು ನಿಜವೇ. ಆದರೆ ಅವನ ನಿಜವಾದ ಕಷ್ಟವು ಬೇರೆ. ಉಳಿದ ನಾಲ್ವರು ಬಿಟ್ಟುಹೋದುದನ್ನು ಅವನು ಹಾಗೆಯೇ ಸ್ವೀಕರಿಸಬೇಕು. ಲೆಕ್ಕವು ಹೇಗಿರಬೇಕೆಂದು ಕೇಳುವ ಹಕ್ಕು ಅವನಿಗಿಲ್ಲ. ತಂಡವು ಒಂದು ಗೆಲವಿನಿಂದ ಮುಂದಿದ್ದರೆ ಅವನು ಸಮಮಾಡಿಕೊಂಡರೂ ಸಾಕು; ಆಗ ತನ್ನ ಹೆಸರಿಗಾಗಿ ಗೆಲ್ಲುವ ಆಸೆಯನ್ನು ಅದುಮಿಟ್ಟುಕೊಳ್ಳಬೇಕು. ಹಿಂದಿದ್ದರೆ ಗೆಲ್ಲಲೇಬೇಕು, ಆಗ ಸೋತುಬಂದವರ ಕಡೆಗೆ ಕೆಕ್ಕರಿಸಿ ನೋಡದೆ ಎದ್ದು ನಡೆಯಬೇಕು. ಎಲ್ಲವೂ ಸಮನಾಗಿ ಮುಗಿದಲ್ಲಿ ಪ್ರತಿ ತಂಡವೂ ಒಬ್ಬ ಪ್ರತಿನಿಧಿಯನ್ನು ಕಳುಹಿಸಿ, ಒಂದೇ ಅಂಕದ ಕಾಳಗದಿಂದ ತೀರ್ಮಾನ ಮಾಡಿಕೊಳ್ಳುವುದುಂಟು. ಕೆಂಡೋವಿನಲ್ಲಿ ಗೆದ್ದವನು ಮುಷ್ಟಿಯೆತ್ತಿ ಕುಣಿದಾಡಿದರೆ ಕೊಟ್ಟ ಅಂಕವನ್ನೇ ಹಿಂದಕ್ಕೆ ತೆಗೆದುಕೊಳ್ಳಲು ತೀರ್ಪುಗಾರರಿಗೆ ಅಧಿಕಾರವಿದೆ. ತನ್ನನ್ನು ತಾನು ಆಳಿಕೊಳ್ಳಲಾರದವನಿಗೆ ಅಲ್ಲಿ ಪೆಟ್ಟೂ ದಕ್ಕದು, ಪದವಿಯೂ ಒಪ್ಪದು.

ಬಲಿಷ್ಠರ ಹೆಸರುಗಳಷ್ಟರಿಂದಲೇ ಜಯವು ಕೈಗೂಡದೆಂಬುದಕ್ಕೆ ನಿದರ್ಶನವೂ ಉಂಟು. ೧೯೭೦ರಲ್ಲಿ ಆರಂಭವಾದ ಕೆಂಡೋ ವಿಶ್ವ ಪಂದ್ಯಗಳಲ್ಲಿ ೨೦೦೩ರ ವರೆಗೆ ಹನ್ನೆರಡು ಬಾರಿಯೂ ಪುರುಷರ ತಂಡದ ಪ್ರಶಸ್ತಿಯು ಜಪಾನಿಗೇ ಸಂದಿತ್ತು. ೨೦೦೬ರಲ್ಲಿ ತೈಪೆ ನಗರದಲ್ಲಿ ಅದೇ ಜಪಾನ್ ತಂಡವು ಉಪಾಂತ್ಯ ಪಂದ್ಯದಲ್ಲಿ ಅಮೆರಿಕದವರ ಎದುರು ಸೋತಿತು; ಪ್ರಶಸ್ತಿಯು ಕೊರಿಯಾದವರ ಪಾಲಾಯಿತು.

ಕೆಂಡೋವಿನಂತೆ ಜೂಡೋವೂ ಜಪಾನಿನದೇ. ಕಾನೋ ಜಿಗೊರೋ ಎಂಬ ಮಹನೀಯರು ೧೮೮೨ರಲ್ಲಿ ಅದಕ್ಕೆ ಅಡಿಪಾಯ ಹಾಕಿದರು. ಒಲಿಂಪಿಕ್ ಕೂಟದ ಜೂಡೋ ತಂಡಪಂದ್ಯದಲ್ಲಿ ಮೂವರು ಸ್ತ್ರೀಯರೂ ಮೂವರು ಪುರುಷರೂ ಕೂಡಿ ಹೋರಾಡುವರು. ೨೦೨೪ರ ಆಗಸ್ಟ್ ೩ರಂದು ಪ್ಯಾರಿಸ್ ನಗರದಲ್ಲಿ ಫ್ರಾನ್ಸ್ ದೇಶಕ್ಕೂ ಜಪಾನಿಗೂ ಅಂತಿಮ ಪಂದ್ಯವು ನಡೆಯಿತು. ಒಂದು ಹಂತದಲ್ಲಿ ಜಪಾನ್ ಮೂರು ಗೆದ್ದು ಫ್ರಾನ್ಸ್ ಒಂದನ್ನೇ ಗೆದ್ದಿತ್ತು. ಇನ್ನೊಂದು ಸೋಲು ಬಂದಿದ್ದರೆ ಎಲ್ಲವೂ ಮುಗಿದುಹೋಗುತ್ತಿತ್ತು. ಆಗ ಫ್ರಾನ್ಸಿನ ಸರದಿಯಲ್ಲಿದ್ದವನು ಜೊವಾನ್ ಬೆಂಜಮಿನ್ ಗಾಬಾ ಎಂಬ ತರುಣ. ಅವನ ಎದುರಿಗೆ ನಿಂತವನು ಆ ಕೂಟದಲ್ಲಿಯೇ ೬೬ ಕಿಲೋ ವರ್ಗದ ಚಿನ್ನವನ್ನು ಗೆದ್ದಿದ್ದ ಅಬೆ ಹಿಫುಮಿ. ತನಗಿಂತ ಮೇಲಿನ ೭೩ ಕಿಲೋ ವರ್ಗದಲ್ಲಿ ಆತನನ್ನು ಜಪಾನ್ ನಿಲ್ಲಿಸಿತ್ತು. ಹೆಚ್ಚುವರಿ ಕಾಲದ ವರೆಗೂ ಕಾದಾಡಿ ಗಾಬಾ ಗೆದ್ದನು. ಮುಂದಿನ ಕಾಳಗವೂ ಫ್ರಾನ್ಸಿಗೇ ಒಲಿದು ಮೂರಕ್ಕೆ ಮೂರು ಸಮವಾಯಿತು.

ಕೆಂಡೋವಿನಲ್ಲಿ ಇಂಥ ಪ್ರಸಂಗದಲ್ಲಿ ತಂಡವೇ ತನ್ನ ಪ್ರತಿನಿಧಿಯನ್ನು ಆರಿಸುವುದೆಂದು ಮೇಲೆ ಹೇಳಿದೆವು. ಜೂಡೋವಿನಲ್ಲಿ ಹಾಗಲ್ಲ, ಯಾವ ವರ್ಗದವರು ಮತ್ತೆ ಸೆಣಸಬೇಕೆಂಬುದನ್ನು ಚೀಟಿಯೆತ್ತಿದಂತೆ ಅದೃಷ್ಟವೇ ನಿರ್ಣಯಿಸುವುದು. ಅದೃಷ್ಟವು ಅತಿಭಾರದ ಪುರುಷರ ವರ್ಗವನ್ನು ತೋರಿಸಿತು. ಮೂವತ್ತೈದು ವಯಸ್ಸಿನ ಟೆಡ್ಡಿ ರಿನೇರ್ ಎಂಬ ಫ್ರಾನ್ಸಿನ ಮಹಾಮಲ್ಲನು ಇಪ್ಪತ್ತೆರಡು ವಯಸ್ಸಿನ ಸೈತೋ ತತ್ಸುರುವನ್ನು ಅದೇ ಪಂದ್ಯದಲ್ಲಿ ಎರಡನೆಯ ಬಾರಿ ಕೆಡವಿ, ನಾಲ್ಕಕ್ಕೆ ಮೂರರಿಂದ ಜಯವನ್ನು ತಂದನು. ಸೈತೋವಿನ ತಂದೆಯು ಎರಡು ಒಲಿಂಪಿಕ್ ಚಿನ್ನಗಳನ್ನು ಗೆದ್ದಿದ್ದವರು. ಆ ಹೆಸರಿನ ಭಾರವನ್ನೂ ಹೊತ್ತು, ಒಮ್ಮೆ ಸೋತ ಎದುರಾಳಿಯ ಮುಂದೆ ಮತ್ತೆ ಹೋಗಿ ನಿಂತ ಆ ಹುಡುಗನ ಧೈರ್ಯವನ್ನು ನಾವು ಕಡಿಮೆಯೆಂದು ಎಣಿಸಲಾರೆವು.

ಜನರ ಬಾಯಲ್ಲಿ ಉಳಿದುದು ರಿನೇರನ ಹೆಸರು; ಅದು ನ್ಯಾಯವೇ. ಆದರೆ ಗಾಬಾ ಸೋತಿದ್ದರೆ ಅದೃಷ್ಟದ ಚಕ್ರವು ತಿರುಗುತ್ತಲೇ ಇರಲಿಲ್ಲ. ಮಹಾಮಲ್ಲನು ಬದಿಯಲ್ಲಿ ಕುಳಿತಂತೆಯೇ ಸೋತುಹೋಗುತ್ತಿದ್ದನು. ದಳಪತಿಯ ಕೀರ್ತಿಯು ಅವನಿಗೆ ಅವಕಾಶವನ್ನು ಉಳಿಸಿಕೊಟ್ಟವರ ಸಾಲವೇ ಹೊರತು ಬೇರೆಯಲ್ಲ. ಇದನ್ನು ಅರಿತವನು ಮಾತ್ರವೇ ಆ ಸ್ಥಾನಕ್ಕೆ ಅರ್ಹನು.

ಗೃಹಸ್ಥರಾದ ನಮಗೆ ಕತ್ತಿಯೂ ಇಲ್ಲ, ಕವಚವೂ ಇಲ್ಲ. ಆದರೂ ಮದುವೆಯೊಂದನ್ನು ನಡೆಸುವಾಗ, ರೋಗಿಯೊಬ್ಬರನ್ನು ತಿಂಗಳುಗಟ್ಟಲೆ ಉಪಚರಿಸುವಾಗ, ಸಾಲವೊಂದನ್ನು ತೀರಿಸುವಾಗ, ಪ್ರತಿಯೊಂದು ಮನೆಯೂ ಇಂಥದೊಂದು ಸಾಲನ್ನು ನಿಲ್ಲಿಸಲೇಬೇಕಾಗುವುದು. ನುಗ್ಗುವವನನ್ನು ಮುಂದೆಯೂ ತಾಳಿಕೊಳ್ಳುವವಳನ್ನು ಹಿಂದೆಯೂ ನಿಲ್ಲಿಸುವ ವಿವೇಕವು ಯಜಮಾನರಿಗಿದ್ದರೆ ಅರ್ಧ ಕಾರ್ಯವು ಆದಂತೆಯೇ. ಉಳಿದರ್ಧವು, ಸೋಲನ್ನು ಚಿಕ್ಕದುಮಾಡಿಕೊಂಡು ಮನೆಗೆ ಬಂದವನಿಗೆ ಊಟದ ಹೊತ್ತಿನಲ್ಲಿ ಆಡುವ ಒಂದು ಒಳ್ಳೆಯ ಮಾತಿನಲ್ಲಿದೆ. ಐದು ಬೆರಳೂ ಸಮನಾಗಿಲ್ಲವೆಂದು ಇನ್ನು ಮುಂದೆ ಹೇಳುವಾಗ, ಕೈಗೆ ಹಿಡಿತವು ಬಂದುದು ಅದರಿಂದಲೇ ಎಂಬುದನ್ನೂ ಕೂಡಿಸಿ ಹೇಳೋಣ.