ಬಾಕಿ ಬಿದ್ದ ಜೀವನಾಂಶ: ಲೆಕ್ಕದ ಪುಸ್ತಕ ನಿಮ್ಮ ಕೈಯಲ್ಲಿರಲಿ

ಓದುಗ ಸೋದರಿಯರೇ, ಹಾಲಿನವನ ಲೆಕ್ಕ ಬರೆದಿಡುತ್ತೀರಿ. ಚೀಟಿ ಹಣದ ಲೆಕ್ಕ, ಧೋಬಿಗೆ ಹಾಕಿದ ಬಟ್ಟೆಯ ಲೆಕ್ಕ ಎಲ್ಲವೂ ನಿಮ್ಮ ಹತ್ತಿರ ಇರುತ್ತದೆ. ಆದರೆ ಗಂಡನಿಂದ ಬೇರೆಯಾಗಿ ಬದುಕುತ್ತಿರುವ ಎಷ್ಟೋ ಹೆಂಗಸರನ್ನು "ಮಗುವಿನ ಜೀವನಾಂಶ ಎಷ್ಟು ತಿಂಗಳದ್ದು ಬಾಕಿ ಇದೆ?" ಎಂದು ಕೇಳಿ ನೋಡಿ. "ಆಗೊಮ್ಮೆ ಈಗೊಮ್ಮೆ ಕಳಿಸ್ತಾರೆ, ಸರಿಯಾಗಿ ಗೊತ್ತಿಲ್ಲ" ಎನ್ನುವವರೇ ಹೆಚ್ಚು. ಕೋರ್ಟಿನ ಆದೇಶ ಕೈಗೆ ಬಂದ ದಿನ ಎಲ್ಲ ಮುಗಿಯಿತೆಂದು ನಿಟ್ಟುಸಿರು ಬಿಡುತ್ತೇವೆ. ನಿಜವಾದ ಕಷ್ಟ ಶುರುವಾಗುವುದೇ ಆಮೇಲೆ.

ಇದನ್ನು ಬರೆಯಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ನಾನು ವಕೀಲಳಲ್ಲ, ಹೈಸ್ಕೂಲು ಮುಗಿಸಿದ ಗೃಹಿಣಿ. ಆದರೆ ಬಾಕಿ ಉಳಿಸಿಕೊಂಡವನು ನನ್ನ ಒಡಹುಟ್ಟಿದ ತಮ್ಮ. ಆ ಮಗು ನನ್ನನ್ನು ಅತ್ತೆ ಎಂದು ಕರೆಯುತ್ತದೆ.

2022ರ ಜೂನ್ ತಿಂಗಳಲ್ಲಿ ಕೋರ್ಟು ಮಗುವಿಗೆ ತಿಂಗಳಿಗೆ 4,000, ತಾಯಿಗೆ 3,000, ಒಟ್ಟು 7,000 ರೂಪಾಯಿ ಎಂದು ಆದೇಶ ಮಾಡಿತು. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕೊಡಬೇಕು. ಒಂದೂವರೆ ವರ್ಷ ಸರಿಯಾಗಿ ಬಂತು. 2024ರ ಫೆಬ್ರುವರಿಯಿಂದ ನಿಂತಿತು. ನಮ್ಮ ಮನೆಯಲ್ಲೂ ಅದಕ್ಕೆ ಕುಮ್ಮಕ್ಕು ಇತ್ತು, ಮುಚ್ಚಿಡುವುದೇಕೆ? "ಮಗೂನ ತೋರಿಸೋಲ್ಲ, ದುಡ್ಡು ಮಾತ್ರ ಬೇಕಾ ಅವಳಿಗೆ?" ಎಂದು ನಮ್ಮಮ್ಮ ಹೇಳಿದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಾ ಸುಮ್ಮನಿದ್ದೆ.

ಅವಳೂ ಸುಮ್ಮನಿದ್ದಳು. ಯುಗಾದಿ ಕಳೆಯಲಿ, ಗೌರಿ ಹಬ್ಬಕ್ಕೆ ಕಳಿಸಿಯಾರು, ದೀಪಾವಳಿಗೆ ಬೋನಸ್ ಬಂದಾಗ ಕೊಟ್ಟಾರು ಎಂದು ಕಾದಳು. ಮರು ವರ್ಷದ ಮಾರ್ಚಿಯಲ್ಲಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಕಾಫಿಯನ್ನೂ ಮುಟ್ಟಲಿಲ್ಲ. "ಅತ್ತಿಗೆ, ಜಗಳಕ್ಕೆ ಬಂದಿಲ್ಲ. ಅವರು ಕೆಲಸ ಬಿಟ್ಟಿದ್ದೀನಿ ಅಂತ ಫೋನಲ್ಲಿ ಹೇಳಿದ್ರು. ನಿಜವಾ? ಅಷ್ಟು ಹೇಳಿ ಸಾಕು" ಎಂದಳು.

ಕೆಲಸ ಬಿಟ್ಟದ್ದು ನಿಜ. ಆದರೆ ಪೀಣ್ಯದಲ್ಲೇ ಇನ್ನೊಂದು ಕಾರ್ಖಾನೆಗೆ, ಮೊದಲಿಗಿಂತ ಹೆಚ್ಚು ಸಂಬಳಕ್ಕೆ ಸೇರಿದ್ದ. ಅದು ನನಗೆ ಗೊತ್ತಿತ್ತು. ಹೇಳಿದೆ. ಕಾರ್ಖಾನೆಯ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅಮ್ಮ ನನ್ನ ಜೊತೆ ನಾಲ್ಕು ತಿಂಗಳು ಮಾತಾಡಲಿಲ್ಲ.

ಒಂದು ವರ್ಷದ ಗಡುವು

ವಕೀಲರು ಅವಳಿಗೆ ಮೊದಲು ಕೇಳಿದ ಪ್ರಶ್ನೆ, "ಇಷ್ಟು ದಿನ ಯಾಕಮ್ಮಾ ಕೂತಿದ್ದೆ?" ಎಂದು. ಇದನ್ನು ದಯವಿಟ್ಟು ಗುರುತು ಹಾಕಿಟ್ಟುಕೊಳ್ಳಿ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಂದು ಎಲ್ಲರ ಬಾಯಲ್ಲಿದ್ದುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ನಂಬರು ಬದಲಾಯಿತೇ ಹೊರತು ಬಾಕಿ ವಸೂಲಿಯ ನಿಯಮ ಬದಲಾಗಿಲ್ಲ. ಯಾವ ತಿಂಗಳ ಹಣ ಬರಲಿಲ್ಲವೋ, ಅದು ಬರಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ಇಲ್ಲದಿದ್ದರೆ ಆ ತಿಂಗಳ ಹಣಕ್ಕೆ ವಾರಂಟು ಹೊರಡಿಸುವಂತಿಲ್ಲ.

ಅವಳು ಅರ್ಜಿ ಹಾಕಿದ್ದು 2025ರ ಏಪ್ರಿಲ್ 3ಕ್ಕೆ. ಬಾಕಿ ಇದ್ದದ್ದು 14 ತಿಂಗಳದ್ದು. ಆದರೆ ಹಿಂದಿನ ಏಪ್ರಿಲ್‌ನಿಂದ ಈಚಿನ 12 ತಿಂಗಳ 84,000 ಮಾತ್ರ ಈ ದಾರಿಯಲ್ಲಿ ಸಿಕ್ಕಿತು. ಫೆಬ್ರುವರಿ, ಮಾರ್ಚಿಯ 14,000 ಹೊರಗೆ ಉಳಿಯಿತು. ಹಾಗೆಂದು ಆ ಹಣದ ಹಕ್ಕೇ ಸತ್ತುಹೋಯಿತೆಂದಲ್ಲ. ಗಡುವು ಮೀರಿದರೆ ಮುಚ್ಚುವುದು ಈ ಬೇಗನೆ ಆಗುವ ದಾರಿ ಮಾತ್ರ, ಸಿವಿಲ್ ದಾವೆಯ ದಾರಿ ತೆರೆದೇ ಇರುತ್ತದೆ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ಆದರೆ 14,000ಕ್ಕೆ ಇನ್ನೊಂದು ದಾವೆ ಹೂಡಿ, ಬಸ್ ಚಾರ್ಜು ಕೊಟ್ಟುಕೊಂಡು ಅಲೆಯುವವರು ಯಾರು? ಹತ್ತು ತಿಂಗಳಿಗೊಮ್ಮೆಯಾದರೂ ಅರ್ಜಿ ಹಾಕಿಬಿಡುವುದು ಒಳ್ಳೆಯದು. ಹಬ್ಬಗಳಿಗೆ ಕಾಯಬೇಡಿ.

ಇನ್ನು ಲೆಕ್ಕದ ಪುಸ್ತಕದ ವಿಷಯ. ಇನ್ನೂರು ಪುಟದ ಸಾದಾ ನೋಟ್ ಬುಕ್ ಸಾಕು. ಬರಬೇಕಾದ ತಾರೀಖು, ಎಷ್ಟು ಬರಬೇಕು, ಎಂದು ಬಂತು, ಎಷ್ಟು ಬಂತು, ಬಾಕಿ ಎಷ್ಟು, ಇಷ್ಟೇ. ಹಣ ಬ್ಯಾಂಕ್ ಖಾತೆಗೇ ಬರಲಿ ಎಂದು ಮೊದಲೇ ಕೋರ್ಟಿನಲ್ಲಿ ಕೇಳಿಕೊಳ್ಳಿ. ಕೈಗೆ ಕೊಟ್ಟ ಹಣ "ಕೊಟ್ಟೆ", "ಕೊಡಲಿಲ್ಲ" ಎಂಬ ಜಗಳಕ್ಕೆ ಮೂಲ. ನನ್ನ ತಮ್ಮ ನಡುವೆ ಎರಡು ಸಲ ಫೋನ್‌ಪೇಯಲ್ಲಿ ಎರಡೆರಡು ಸಾವಿರ ಕಳಿಸಿದ್ದ. ಅವಳು ಅದನ್ನು ತಾನಾಗಿಯೇ ಬರೆದು ಕಳೆದು 80,000 ಎಂದು ತೋರಿಸಿದ್ದಳು. ನ್ಯಾಯಾಧೀಶರಿಗೆ ಅವಳ ಲೆಕ್ಕದ ಮೇಲೆ ನಂಬಿಕೆ ಬಂದದ್ದೇ ಆ ನಾಲ್ಕು ಸಾವಿರದಿಂದ ಎಂದು ನನ್ನ ಅನಿಸಿಕೆ. ಇವನು ಹುಟ್ಟುಹಬ್ಬಕ್ಕೆ ಕೊಡಿಸಿದ ಸೈಕಲ್ಲನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದ. ಒಪ್ಪಲಿಲ್ಲ. ಅಪ್ಪ ಮಗಳಿಗೆ ಕೊಡಿಸಿದ ಸೈಕಲ್ಲು ಉಡುಗೊರೆ, ಅದರಿಂದ ಸ್ಕೂಲ್ ಫೀಸು ಕಟ್ಟಲಾಗುತ್ತದೆಯೇ?

ವಕೀಲರ ಫೀಸಿಗೆ ಹೆದರಿ ಎಷ್ಟೋ ಜನ ಹಿಂಜರಿಯುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಉಚಿತ ವಕೀಲರ ನೆರವು ಸಿಗುತ್ತದೆ. ಆದಾಯ ಎಷ್ಟು ಎಂದು ಹೆಂಗಸರನ್ನು ಕೇಳುವಂತಿಲ್ಲ. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ಜೀವನಾಂಶದ ಆದೇಶದ ಪ್ರತಿಯನ್ನೂ ದುಡ್ಡಿಲ್ಲದೆ ಕೊಡಬೇಕೆಂದು ಕಾನೂನಿನಲ್ಲೇ ಇದೆ. ಅವನು ಬೇರೆ ಊರಿಗೆ ಹೋದನೆಂದು ಕೈಚೆಲ್ಲಬೇಡಿ, ಅವನಿರುವ ಊರಿನ ಕೋರ್ಟಿನಿಂದಲೂ ಆ ಆದೇಶವನ್ನು ಜಾರಿ ಮಾಡಿಸಬಹುದು.

ಜೈಲೋ, ಸಂಬಳವೋ?

ಬಾಕಿ ಕೊಡದವನ ಮೇಲೆ ಕೋರ್ಟು ದಂಡ ವಸೂಲಿ ಮಾಡುವ ರೀತಿಯಲ್ಲಿ ವಾರಂಟು ಹೊರಡಿಸುತ್ತದೆ. ಆಮೇಲೂ ಸರಿಯಾದ ಕಾರಣವಿಲ್ಲದೆ ಕೊಡದಿದ್ದರೆ ಒಂದು ತಿಂಗಳವರೆಗೆ, ಅಥವಾ ಅದಕ್ಕೆ ಮುಂಚೆ ಹಣ ಕಟ್ಟಿದರೆ ಅಲ್ಲಿಯವರೆಗೆ, ಜೈಲಿಗೆ ಕಳಿಸಬಹುದು. "ಜೈಲಲ್ಲಿ ಕೂತು ಬಂದೆ, ಲೆಕ್ಕ ಚುಕ್ತಾ" ಎನ್ನುವ ಗಂಡಸರಿದ್ದಾರೆ. ಅದು ತಪ್ಪು. ಜೈಲು ಎಂಬುದು ಹಣ ಕೊಡಿಸಲು ಒಂದು ದಾರಿ ಮಾತ್ರ, ಜೈಲಿಗೆ ಹೋದರೂ ಬಾಕಿ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ.

ಆದರೂ ನನ್ನನ್ನು ಕೇಳಿದರೆ, ಕೆಲಸದಲ್ಲಿರುವವನನ್ನು ಜೈಲಿಗೆ ಕಳಿಸುವ ಮುಂಚೆ ಸಂಬಳಕ್ಕೆ ಕೈ ಹಾಕುವುದು ಲೇಸು. ನನ್ನ ತಮ್ಮನೆಂಬ ಮಮತೆಯಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಅದೂ ಸ್ವಲ್ಪ ಇರಬಹುದು. ಆದರೆ ಕೆಲಸ ಹೋದರೆ ಮುಂದಿನ ತಿಂಗಳು ಮಗುವಿಗೆ ಎಲ್ಲಿಂದ ಬರಬೇಕು? ಬೇರೆ ಸಾಲಗಳಿಗೆ ಸಂಬಳ ಜಫ್ತಿ ಮಾಡುವಾಗ ಕಾನೂನು ಬಹಳ ಕೈ ಹಿಡಿಯುತ್ತದೆ. ಜೀವನಾಂಶದ ಡಿಕ್ರಿಗಾದರೆ ಸಂಬಳದ ಮೂರನೇ ಒಂದು ಭಾಗ ಬಿಟ್ಟು ಉಳಿದದ್ದಕ್ಕೆ ಕೈ ಹಾಕಬಹುದು. ಜೀವನಾಂಶದ ಆದೇಶವನ್ನು ಸಿವಿಲ್ ಕೋರ್ಟಿನ ಹಣದ ಡಿಕ್ರಿಯಂತೆಯೇ ಜಾರಿ ಮಾಡಬಹುದೆಂದು 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಇದಕ್ಕೆಲ್ಲ ಅವನು ಎಲ್ಲಿ ಕೆಲಸದಲ್ಲಿದ್ದಾನೆಂದು ತಿಳಿದಿರಬೇಕು. ನಾನು ಬರೆದುಕೊಟ್ಟ ಚೀಟಿ ಉಪಯೋಗಕ್ಕೆ ಬಂದದ್ದು ಇಲ್ಲಿ.

ಅದೇ ತೀರ್ಪು ಇನ್ನೊಂದು ಉಪಕಾರ ಮಾಡಿದೆ. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಅಫಿಡವಿಟ್ಟಿನಲ್ಲಿ ಬರೆದುಕೊಡಬೇಕು. ನನ್ನ ತಮ್ಮ ಬಾಯಲ್ಲಿ ಹೇಳಿದ್ದು 15,000 ಸಂಬಳ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕಂಡದ್ದು 31,000. ಅವಳೂ ಬ್ಲೌಸ್ ಹೊಲಿದು ತಿಂಗಳಿಗೆ ಐದು ಸಾವಿರದಷ್ಟು ಸಂಪಾದಿಸುತ್ತಾಳೆ. ಅದನ್ನು ಬರೆಯುವುದೋ ಬೇಡವೋ ಎಂದು ನನ್ನನ್ನು ಕೇಳಿದಳು. ಬರಿ ಎಂದೆ. ನಮ್ಮ ಹೆಂಗಸರು ಇಲ್ಲೇ ಎಡವುವುದು. ಸ್ವಲ್ಪ ದುಡಿಯುತ್ತಾಳೆಂದ ಮಾತ್ರಕ್ಕೆ ಹೆಂಡತಿಯ ಜೀವನಾಂಶ ತಪ್ಪುವುದಿಲ್ಲ, ಅವಳು ಬೀದಿಪಾಲಾಗಿಯೇ ಬರಬೇಕೆಂದಿಲ್ಲ ಎಂದು 2007ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಾತ್ರ ಮಿಕ್ಕ ಸತ್ಯಕ್ಕೂ ಬೆಲೆ ಇರುವುದಿಲ್ಲ.

ಇನ್ನು ಮೊತ್ತ ಬದಲಾಯಿಸುವ ವಿಷಯ. ಮಗು ಒಂದನೇ ಕ್ಲಾಸಿನಲ್ಲಿದ್ದಾಗಿನ 4,000 ನಾಲ್ಕನೇ ಕ್ಲಾಸಿಗೆ ಸಾಕಾಗುತ್ತದೆಯೇ? ಯೂನಿಫಾರ್ಮು, ಆಟೋ, ಪುಸ್ತಕ ಎಲ್ಲ ಏರಿದೆ. ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿಕೊಟ್ಟರೆ ಮೊತ್ತವನ್ನು ಹೆಚ್ಚಿಸಲು ಅಥವಾ ಇಳಿಸಲು ಈಗಿನ 146ನೇ ಕಲಂನಲ್ಲಿ ಅವಕಾಶವಿದೆ. ನಮ್ಮಮ್ಮನ ಕಾಲದಲ್ಲಿ ಎಷ್ಟು ಅತ್ತರೂ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸಲು ಈ ಕಾನೂನಿನಲ್ಲಿ ಆಗುತ್ತಿರಲಿಲ್ಲ. ಆ ಮಿತಿಯನ್ನು ತೆಗೆದದ್ದು 2001ರ ತಿದ್ದುಪಡಿಯಲ್ಲಿ. ಹೆಚ್ಚಿಸಿ ಎಂದು ಸುಮ್ಮನೆ ಕೇಳಿದರೆ ಆಗದು. ಸ್ಕೂಲಿನ ರಸೀದಿ, ಡಾಕ್ಟರ ಚೀಟಿ, ಬಾಡಿಗೆ ಕರಾರು ಎಲ್ಲ ಒಂದು ಕವರಿನಲ್ಲಿ ಹಾಕಿಡಿ. ಹೆಚ್ಚಳ ಬಂದರೂ ಹಿಂದಿನ ಬಾಕಿ ಹಳೆಯ ದರದಲ್ಲೇ ಲೆಕ್ಕವಾಗುತ್ತದೆ. ಆದ್ದರಿಂದ ಮಗುವಿನ ಖರ್ಚು ಏರಿದಾಗಲೇ ಕೇಳಿ.

ಈ ಬಾಗಿಲು ಗಂಡಸರಿಗೂ ತೆರೆದಿದೆ. ಈ ಪುಟವನ್ನು ಓದುವ ಅಕ್ಕತಂಗಿಯರು ತಮ್ಮ ಅಣ್ಣತಮ್ಮಂದಿರಿಗೆ ಇದನ್ನು ಹೇಳಿ. ನಿಜವಾಗಿ ಕೆಲಸ ಹೋದರೆ, ಕಾಯಿಲೆ ಬಿದ್ದರೆ, ಆ ತಿಂಗಳೇ ಕೋರ್ಟಿಗೆ ಹೋಗಿ ಇಳಿಸಿ ಎಂದು ಕೇಳಬೇಕು. ತಾನಾಗಿ ನಿಲ್ಲಿಸಿದರೆ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ಕೋರ್ಟು ಬದಲಾಯಿಸುವವರೆಗೆ ಹಳೆಯ ಆದೇಶವೇ ಆದೇಶ. "ಫೋನಿನಲ್ಲಿ ಅವಳೇ ಒಪ್ಪಿದ್ದಳು" ಎಂಬ ಮಾತಿನಿಂದ ಅದು ಬದಲಾಗುವುದಿಲ್ಲ. ಎರಡನೆಯ ಮದುವೆಯಾದೆ, ಖರ್ಚು ಹೆಚ್ಚಿತು ಎಂದು ಮೊದಲ ಮಗುವಿನ ಅನ್ನ ಕಡಿಮೆ ಮಾಡುವಂತಿಲ್ಲ. ವಿಚ್ಛೇದನವಾದ ತಾಯಿ ಬೇರೆ ಮದುವೆಯಾದರೆ ಅವಳ ಜೀವನಾಂಶ ನಿಲ್ಲುತ್ತದೆ, ಮಗುವಿನದು ಮುಂದುವರಿಯುತ್ತದೆ. ಹಿಂದೂ ಮದುವೆಯಾಗದ ಮಗಳಾದರೆ, ತನ್ನನ್ನು ತಾನು ಸಾಕಿಕೊಳ್ಳಲಾಗದಿದ್ದಾಗ, 18 ದಾಟಿದ ಮೇಲೂ 1956ರ ಕಾಯಿದೆಯಡಿ ತಂದೆಯಿಂದ ಕೇಳಬಹುದು.

ಊರ ಹಿರಿಯರ ಮುಂದೆ ಸಹಿ ಹಾಕುವಾಗ ಎಚ್ಚರ. "ಇಬ್ಬರೂ ಒಪ್ಪಿ ಬೇರೆ ಇದ್ದೇವೆ" ಎಂದು ಬರೆಸಿದ ಒಂದು ಕಾಗದ ಹೆಂಡತಿಯ ಜೀವನಾಂಶಕ್ಕೇ ಅಡ್ಡ ಬರುತ್ತದೆ. ಐವತ್ತು ಸಾವಿರ ಕೈಗಿಟ್ಟು "ಇನ್ನು ಏನೂ ಕೇಳಬಾರದು" ಎಂದು ಬರೆಸಿಕೊಂಡರೂ ತಾಯಿಯ ಸಹಿಯಿಂದ ಮಗುವಿನ ಹಕ್ಕು ಹೋಗುವುದಿಲ್ಲ. ಆದರೆ ಆ ಕಾಗದ ಹಿಡಿದು ಅವಳನ್ನು ವರ್ಷಗಟ್ಟಲೆ ಓಡಾಡಿಸುವವರಿದ್ದಾರೆ.

ಅಮ್ಮನ ಮಾತಿಗೆ ಮತ್ತೆ ಬರುತ್ತೇನೆ. ಮಗುವನ್ನು ತೋರಿಸದಿರುವುದೂ ತಪ್ಪೇ. ಆದರೆ ಮಗುವನ್ನು ನೋಡುವ ಹಕ್ಕು ಬೇರೆ, ಅನ್ನದ ಹಕ್ಕು ಬೇರೆ. ಒಂದಕ್ಕೆ ಇನ್ನೊಂದನ್ನು ಅಡವಿಡಬಾರದು. ನೋಡಲು ಬಿಡದಿದ್ದರೆ ಅದಕ್ಕೂ ಅರ್ಜಿ ಇದೆ. ಇದನ್ನು ನಾನು ತಮ್ಮನಿಗೂ ಹೇಳಿದೆ, ಅವಳಿಗೂ ಹೇಳಿದೆ. ಇಬ್ಬರಿಗೂ ನನ್ನ ಮೇಲೆ ಸ್ವಲ್ಪ ಕೋಪವಿತ್ತು.

ಅರ್ಜಿಯ ಸುದ್ದಿ ಮುಟ್ಟಿದ ತಿಂಗಳಿನಿಂದಲೇ ಅವನು ಆಯಾ ತಿಂಗಳ 7,000 ಕಟ್ಟತೊಡಗಿದ್ದ. ಕೋರ್ಟಿಗೆ ಎಂಟು ತಾರೀಖು ಅಲೆದಾಡಿದ ಮೇಲೆ ಹಳೆಯ 80,000ವನ್ನು ತಿಂಗಳಿಗೆ 8,000ದಂತೆ ಹತ್ತು ಕಂತಿನಲ್ಲಿ ಸಂಬಳದಿಂದಲೇ ಕಡಿದು ಕಳಿಸಬೇಕೆಂದಾಯಿತು. ಕೆಲವು ತಿಂಗಳ ನಂತರ ಮಗುವಿನ 4,000 ಕೂಡ 6,500 ಆಯಿತು. ತಾಯಿಯದು ಇದ್ದ ಹಾಗೇ ಉಳಿಯಿತು. ಮೊನ್ನೆ ಶಾಲೆಗೆ ರಜೆ ಬಂದಾಗ ಮಗು ನಮ್ಮ ಮನೆಯಲ್ಲಿ ನಾಲ್ಕು ದಿನ ಇತ್ತು. ಅಮ್ಮ ಅದಕ್ಕೆ ಎಣ್ಣೆ ಹಚ್ಚಿ ತಲೆ ಬಾಚುತ್ತಾ, ನನ್ನ ಕಡೆ ನೋಡದೆ, "ಫೀಸು ಕಟ್ಟಿದ್ದಾಯ್ತಂತಾ?" ಎಂದು ಕೇಳಿದರು.

ಹೊರಗುಳಿದ 14,000 ಮಾತ್ರ ಇನ್ನೂ ಬಂದಿಲ್ಲ. ತಮ್ಮ ಹಬ್ಬಕ್ಕೆ ಬಂದಾಗಲೆಲ್ಲ ಹೋಳಿಗೆ ಬಡಿಸುತ್ತಾ ಅದನ್ನು ಕೇಳುತ್ತೇನೆ. "ಕೊಡ್ತೀನಿ ಬಿಡಕ್ಕಾ" ಎನ್ನುತ್ತಾನೆ. ನಾನೂ ಒಂದು ನೋಟ್ ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.