ಬೆಳಗಿನ ಮೊದಲ ಸಲಕ್ಕೆ ಏಳದ ಕಂಪ್ಯೂಟರ್

ಹೊಸದಾಗಿ ಜೋಡಿಸಿದ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಅಂಟಿಕೊಳ್ಳುವ ಒಂದು ವಿಚಿತ್ರ ಕಾಯಿಲೆಯಿದೆ. ಬೆಳಿಗ್ಗೆ ಮೊದಲ ಸಲ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಬಣ್ಣದ ದೀಪಗಳು ಹೊತ್ತಿಕೊಳ್ಳುತ್ತವೆ, ಪರದೆ ಮಾತ್ರ ಕಪ್ಪು. ಕೆಲವು ಯಂತ್ರಗಳು ತಾವೇ ಆರಿ, ತಾವೇ ಹೊತ್ತಿ, ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತವೆ. ಆಮೇಲೆ ದಿನವಿಡೀ ಗೇಮ್ ಆಡಿ, ವಿಡಿಯೊ ಎಡಿಟ್ ಮಾಡಿ, ಹತ್ತು ಸಲ ರೀಸ್ಟಾರ್ಟ್ ಮಾಡಿ, ಒಂದು ತಕರಾರೂ ಇಲ್ಲ. ಮಾರನೆಯ ಬೆಳಿಗ್ಗೆ ಮತ್ತೆ ಅದೇ ರಾಗ. ಕೋಲ್ಡ್ ಬೂಟ್ ಸಮಸ್ಯೆ ಎಂದು ಕರೆಯುವುದು ಇದನ್ನೇ.

ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚಿ ಸ್ಟ್ರೀಟ್, ದಿಲ್ಲಿಯ ನೆಹರೂ ಪ್ಲೇಸ್ ಇವುಗಳಲ್ಲಿ ಯಾವುದಾದರೂ ಒಂದರಿಂದ ಬಿಡಿಭಾಗ ತಂದು ಕಂಪ್ಯೂಟರ್ ಕಟ್ಟಿಸಿದವರು ನಮ್ಮ ಓದುಗರಲ್ಲಿ ಬಹಳ ಮಂದಿ ಇದ್ದೀರಿ. ಮಗ ಎಂಜಿನಿಯರಿಂಗ್ ಸೇರಿದ, ಮಗಳು ಅನಿಮೇಶನ್ ಕಲಿಯುತ್ತಾಳೆ ಎಂದು ಎಪ್ಪತ್ತು ಎಂಬತ್ತು ಸಾವಿರ ಒಟ್ಟುಮಾಡಿ ಕಟ್ಟಿಸಿದ ಯಂತ್ರ ಹೀಗೆ ಮುನಿಸಿಕೊಂಡರೆ ಮನೆಯಲ್ಲಿ ನೆಮ್ಮದಿಯಿಲ್ಲ. ರೋಗಕ್ಕಿಂತ ದೊಡ್ಡ ತೊಂದರೆಯೆಂದರೆ ಅದನ್ನು ಅಂಗಡಿಯವನಿಗೆ ತೋರಿಸುವುದು. ಅದು ಇರುವುದು ದಿನದ ಮೊದಲ ಒಂದು ನಿಮಿಷದಲ್ಲಿ ಮಾತ್ರ. ನೀವು ಮನೆಯಲ್ಲಿ ಒಮ್ಮೆ ಒತ್ತಿ ನೋಡಿ, ಆಟೋ ಹತ್ತಿಸಿ, ಮಧ್ಯಾಹ್ನದ ಸೆಕೆಯಲ್ಲಿ ಅಂಗಡಿ ಮುಟ್ಟಿಸುವ ಹೊತ್ತಿಗೆ ಯಂತ್ರ ಬೆಚ್ಚಗಾಗಿರುತ್ತದೆ. ಅಲ್ಲಿ ಮೊದಲ ಸಲಕ್ಕೇ ಎದ್ದು ನಿಮ್ಮ ಮರ್ಯಾದೆ ತೆಗೆಯುತ್ತದೆ.

ಜೋಡಿಸಿದ ಕಂಪ್ಯೂಟರಿಗೆ ಒಬ್ಬ ಯಜಮಾನನಿಲ್ಲ ಎಂಬುದೂ ನೆನಪಿರಲಿ. ಬ್ರ್ಯಾಂಡೆಡ್ ಯಂತ್ರವಾದರೆ ಇಡೀ ಪೆಟ್ಟಿಗೆಗೆ ಒಂದೇ ಕಂಪನಿ ಉತ್ತರ ಹೇಳಬೇಕು. ಇಲ್ಲಿ ಮದರ್‌ಬೋರ್ಡಿಗೆ ಒಬ್ಬರು, ರ‍್ಯಾಮಿಗೆ ಇನ್ನೊಬ್ಬರು, ಎಸ್‌ಎಂಪಿಎಸ್‌ಗೆ ಮತ್ತೊಬ್ಬರು. ಯಾವ ಭಾಗದ ದೋಷ ಎಂದು ತೋರಿಸದೆ ಯಾರ ವಾರಂಟಿಯೂ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ರೋಗಪತ್ತೆಯ ಅರ್ಧ ಕೆಲಸ ನಮ್ಮ ಮೇಲೇ ಬೀಳುತ್ತದೆ.

ಬಟನ್ ಒತ್ತಿದ ಕ್ಷಣ ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ತಿಳಿದಿದ್ದರೆ ಕೆಲಸ ಸುಲಭ. ಗೋಡೆಯ ಸ್ವಿಚ್ ಆನ್ ಇರುವವರೆಗೆ ಕಂಪ್ಯೂಟರ್ ಆಫ್ ಆಗಿದ್ದರೂ ಎಸ್‌ಎಂಪಿಎಸ್ ಒಂದು ಸಣ್ಣ 5 ವೋಲ್ಟ್ ಧಾರೆಯನ್ನು ಮದರ್‌ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಬಟನ್ ಒತ್ತಿದಾಗ ಆ ಧಾರೆಯ ಬಲದಲ್ಲಿ ಬೋರ್ಡ್ ಎಚ್ಚೆತ್ತು ಎಸ್‌ಎಂಪಿಎಸ್‌ಗೆ ‘ಪೂರ್ತಿ ಕೊಡು’ ಎನ್ನುತ್ತದೆ. ಎಸ್‌ಎಂಪಿಎಸ್ ತನ್ನ ವೋಲ್ಟೇಜುಗಳು ಸ್ಥಿರವಾದ ಮೇಲೆ, ಸುಮಾರು 100ರಿಂದ 500 ಮಿಲಿಸೆಕೆಂಡಿನೊಳಗೆ, ‘ಎಲ್ಲಾ ಸರಿಯಿದೆ’ ಎಂಬ ಸಂಕೇತ ಕಳಿಸುತ್ತದೆ. ಆಗ ಪ್ರೊಸೆಸರ್ ಏಳುತ್ತದೆ, ರ‍್ಯಾಮ್ ಪರೀಕ್ಷಿಸುತ್ತದೆ, ಗ್ರಾಫಿಕ್ಸ್ ಕಾರ್ಡನ್ನು ಕರೆಯುತ್ತದೆ. ನಿಮಗೆ ಲೋಗೊ ಕಾಣುವುದು ಇಷ್ಟೆಲ್ಲ ಆದ ಮೇಲೆ. ಈ ಸರಣಿಯಲ್ಲಿ ಯಾವ ಮೆಟ್ಟಿಲಲ್ಲಿ ಎಡವಿದರೂ ಹೊರಗಿನಿಂದ ಕಾಣುವುದು ಅದೇ ಕಪ್ಪು ಪರದೆ.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಲೋಗೊ ಬರುವ ಮೊದಲು ನಿಲ್ಲುತ್ತದೋ, ಬಂದ ಮೇಲೋ? ವಿಂಡೋಸಿನ ಲೋಗೊ ಬಂದು ಚಕ್ರ ತಿರುಗುತ್ತಾ ಕೂತರೆ ಬಿಡಿಭಾಗಗಳನ್ನು ಕಳಚಲು ಹೋಗಬೇಡಿ. 2012ರಲ್ಲಿ ವಿಂಡೋಸ್ 8 ಜೊತೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಬಂತು. ಅದು ಆನ್ ಇದ್ದರೆ ಶಟ್‌ಡೌನ್ ಎಂದದ್ದು ಪೂರ್ತಿ ಶಟ್‌ಡೌನ್ ಅಲ್ಲ. ವಿಂಡೋಸ್ ತನ್ನ ಒಳಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗಿ, ಬೆಳಿಗ್ಗೆ ಅದನ್ನೇ ಓದಿಕೊಂಡು ಏಳುತ್ತದೆ. ರೀಸ್ಟಾರ್ಟ್ ಮಾತ್ರ ಹೊಸದಾಗಿ ಆರಂಭಿಸುತ್ತದೆ. ರೀಸ್ಟಾರ್ಟ್ ಸಲೀಸು, ಬೆಳಗಿನ ಆರಂಭ ಮಾತ್ರ ಕಷ್ಟ ಎಂಬ ದೂರಿಗೆ ಕೆಲವು ಸಲ ಇದೇ ಕಾರಣ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಯ್ಕೆಗಳಲ್ಲಿ ಅದನ್ನು ಆಫ್ ಮಾಡಿ ನೋಡುವುದಕ್ಕೆ ಖರ್ಚಿಲ್ಲ.

ಲೋಗೊಗೂ ಮೊದಲೇ ನಿಂತರೆ ಕಥೆ ಬೇರೆ. ಈಚಿನ ಬಹುತೇಕ ಮದರ್‌ಬೋರ್ಡುಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಸಿಪಿಯು, ಡಿ‍ರ‍್ಯಾಮ್, ವಿಜಿಎ, ಬೂಟ್. ಯಂತ್ರ ಎಲ್ಲಿ ಎಡವಿತೋ ಆ ದೀಪ ಹೊತ್ತಿಕೊಂಡೇ ಉಳಿಯುತ್ತದೆ. ಕ್ಯಾಬಿನೆಟ್ಟಿನ ಪಕ್ಕದ ಗಾಜು ತೆಗೆದು ಇದನ್ನು ನೋಡುವವರು ಕಡಿಮೆ. ಕೊಂಡಾಗ ಬಂದ ಬಣ್ಣದ ದೀಪಗಳ ಜಾತ್ರೆಯಲ್ಲಿ ಇದು ಕಾಣುವುದೂ ಇಲ್ಲ ಬಿಡಿ.

ನನ್ನ ಅನುಭವದಲ್ಲಿ ಹೆಚ್ಚಾಗಿ ಹೊತ್ತಿ ಉಳಿಯುವುದು ಡಿ‍ರ‍್ಯಾಮ್ ದೀಪ. ಅದಕ್ಕೆ ಕಾರಣವಿದೆ. ಈಗಿನ ಡಿಡಿಆರ್5 ರ‍್ಯಾಮ್ ಎಷ್ಟು ವೇಗದ್ದೆಂದರೆ, ಮದರ್‌ಬೋರ್ಡಿನ ಸಣ್ಣ ತಂತಿಗಳಲ್ಲಿ ಸಂಕೇತ ಯಾವ ಕ್ಷಣಕ್ಕೆ ತಲುಪುತ್ತದೆ ಎಂಬುದನ್ನು ಪ್ರೊಸೆಸರ್ ಅಳೆದು ಹೊಂದಿಸಿಕೊಳ್ಳಬೇಕು. ಹಾಡುವ ಮೊದಲು ತಂಬೂರಿ ಶ್ರುತಿ ಮಾಡಿಕೊಂಡ ಹಾಗೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಹೊಸ ಯಂತ್ರದ ಮೊಟ್ಟಮೊದಲ ಆರಂಭದಲ್ಲಿ ಇದಕ್ಕೆ ಕೆಲವು ನಿಮಿಷ ಬೇಕಾಗಬಹುದು. ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುತ್ತದೆ. ಕೆಟ್ಟಿತೆಂದು ಗಾಬರಿಯಾಗಿ ಬಟನ್ ಹಿಡಿದು ಆರಿಸಿದರೆ ಶ್ರುತಿ ಅರ್ಧಕ್ಕೆ ನಿಂತು, ಮುಂದಿನ ಸಲ ಮತ್ತೆ ಮೊದಲಿನಿಂದ ಶುರು. ಹೊಸ ಕಂಪ್ಯೂಟರನ್ನು ಮೊದಲ ಸಲ ಆನ್ ಮಾಡಿದವರು ಹತ್ತು ನಿಮಿಷ ಬೇರೆ ಕೋಣೆಗೆ ಹೋಗಿ ಕಾಫಿ ಕುಡಿಯುವುದು ಲೇಸು.

ರ‍್ಯಾಮಿನ ಡಬ್ಬಿಯ ಮೇಲೆ 6000 ಎಂದು ಅಚ್ಚಾಗಿರುತ್ತದೆ. ಅದು ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಪ್ರೊಫೈಲ್ ಆನ್ ಮಾಡಿದರೆ ಸಿಗುವ ವೇಗ, ಪ್ರೊಸೆಸರ್ ತಯಾರಕರು ಭರವಸೆ ಕೊಟ್ಟ ವೇಗವಲ್ಲ. ಎಎಂಡಿಯ ರೈಜನ್ 7000 ಸರಣಿಗೆ ಅಧಿಕೃತ ಮಿತಿ ಎರಡು ಸ್ಟಿಕ್ ಇದ್ದಾಗ 5200. ನಾಲ್ಕೂ ಸ್ಲಾಟ್ ತುಂಬಿದರೆ ಬರೀ 3600. ಎಲ್ಲಾ ಸ್ಲಾಟ್ ತುಂಬಿದರೆ ಚೆನ್ನ ಎಂದು ನಾಲ್ಕು ಸ್ಟಿಕ್ ಹಾಕಿಸಿ, ಮೇಲೆ ಪ್ರೊಫೈಲನ್ನೂ ಆನ್ ಮಾಡಿಸಿದ ಯಂತ್ರಗಳು ಬೆಚ್ಚಗಿದ್ದಾಗ ಹೇಗೋ ನಡೆಯುತ್ತವೆ, ತಣ್ಣಗಾದಾಗ ಶ್ರುತಿ ಸೇರುವುದಿಲ್ಲ. ಎರಡೇ ಸ್ಟಿಕ್ ಸಾಕು. ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಅವು ಹೋಗಬೇಕು.

ಇನ್ನೊಂದು ಸಂಗತಿ ನಮ್ಮ ಮನೆಗಳಿಗೇ ವಿಶೇಷವಾದದ್ದು. ರಾತ್ರಿ ಮಲಗುವ ಮುನ್ನ ಗೋಡೆಯ ಸ್ವಿಚ್ಚನ್ನೇ ಆರಿಸುವುದು ನಮ್ಮವರ ಅಭ್ಯಾಸ. ಕರೆಂಟು ಉಳಿಯಲಿ ಎಂದೋ, ಸಿಡಿಲಿನ ಭಯಕ್ಕೋ. ಒಳ್ಳೆಯದೇ. ಆದರೆ ಆಗ ಆ 5 ವೋಲ್ಟಿನ ಧಾರೆಯೂ ನಿಲ್ಲುತ್ತದೆ, ಕೆಪಾಸಿಟರುಗಳು ಖಾಲಿಯಾಗುತ್ತವೆ. ಬೆಳಿಗ್ಗೆ ಯಂತ್ರ ಏಳುವುದು ನಿಜಕ್ಕೂ ಶೂನ್ಯದಿಂದ. ಒಂದು ರಾತ್ರಿ ಗೋಡೆಯ ಸ್ವಿಚ್ ಆನ್ ಇಟ್ಟು, ಇನ್ನೊಂದು ರಾತ್ರಿ ಆಫ್ ಇಟ್ಟು ಹೋಲಿಸಿ. ಆಫ್ ಇಟ್ಟ ರಾತ್ರಿಯ ನಂತರ ಮಾತ್ರ ತಕರಾರು ಬಂದರೆ ಅನುಮಾನ ಎಸ್‌ಎಂಪಿಎಸ್ ಅಥವಾ ಬೋರ್ಡಿನ ಕರೆಂಟ್ ಭಾಗದ ಕಡೆಗೆ ವಾಲುತ್ತದೆ. ಗಡಿಯಾರವೂ ಹಿಂದೆ ಬಿದ್ದಿದ್ದರೆ ಮೊದಲು ಬೋರ್ಡಿನ ಮೇಲಿನ 3 ವೋಲ್ಟಿನ ಸಿಆರ್2032 ಸೆಲ್ ಬದಲಿಸಿ. ದಿಲ್ಲಿಯ ಜನವರಿಯಲ್ಲಿ ಈ ಕಾಯಿಲೆ ಜೋರಾಗುವುದೂ ಸುಮ್ಮನಲ್ಲ. ಎಸ್‌ಎಂಪಿಎಸ್ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಸಾಮರ್ಥ್ಯ ಚಳಿಯಲ್ಲಿ ತಗ್ಗುತ್ತದೆ. ಕಳಪೆ ಮಾಲಾದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಮಾನಿಟರ್ ಕೇಬಲ್ಲಿನ ಮೇಲೆ ಯಾರೂ ಅನುಮಾನಪಡುವುದಿಲ್ಲ. ಡಿಸ್‌ಪ್ಲೇಪೋರ್ಟ್ ಕೇಬಲ್ಲಿನ 20ನೇ ಪಿನ್ ಎರಡೂ ತುದಿಗಳ ನಡುವೆ ಜೋಡಣೆಯಾಗಿರಬಾರದು ಎಂಬುದು ನಿಯಮ. ಅಗ್ಗದ ಕೆಲವು ಕೇಬಲ್ಲುಗಳಲ್ಲಿ ಅದು ಜೋಡಣೆಯಾಗಿರುತ್ತದೆ. ಆಗ ಕಂಪ್ಯೂಟರ್ ಆಫ್ ಇದ್ದರೂ ಮಾನಿಟರ್ ಕಡೆಯಿಂದ ಗ್ರಾಫಿಕ್ಸ್ ಕಾರ್ಡಿಗೆ ಕರೆಂಟು ಹಿಮ್ಮುಖವಾಗಿ ನುಸುಳಿ ಆರಂಭವನ್ನು ಕೆಡಿಸಬಹುದು. ಕೇಬಲ್ ಕಿತ್ತು ಬಟನ್ ಒತ್ತಿ, ಅರ್ಧ ನಿಮಿಷ ಬಿಟ್ಟು ಸಿಕ್ಕಿಸಿ. ಆಗ ಸರಿಯಾಗಿ ಎದ್ದರೆ ಬೇರೆ ಕೇಬಲ್ ತನ್ನಿ.

ಡೊಂಬಿವಲಿಯಲ್ಲಿ ನಮಗೆ ಪರಿಚಯವಿರುವ ಧಾರವಾಡ ಕಡೆಯ ಒಂದು ಮನೆಯಲ್ಲಿ ಮಗನಿಗೆಂದು ಹೀಗೇ ಒಂದು ಯಂತ್ರ ಬಂತು. ನಾಲ್ಕನೇ ದಿನಕ್ಕೆ ತಕರಾರು ಶುರು. ತಂದೆ ಎರಡು ಸಲ ಅಂಗಡಿಗೆ ಹೊತ್ತರು. ಎರಡು ಸಲವೂ ಅದು ಅಲ್ಲಿ ಸರಾಗ ಎದ್ದಿತು. ‘ಅಂಕಲ್, ನಿಮ್ಮ ಮನೆಯ ಕರೆಂಟೇ ಸರಿಯಿಲ್ಲ’ ಎಂದು ಹುಡುಗ ಹಿಂದಿಯಲ್ಲಿ ನಕ್ಕು ಕಳಿಸಿದನಂತೆ. ಮೂರನೇ ಸಲ ಹೊರುವ ಬದಲು ಮಗ ಒಂದು ನೋಟುಬುಕ್ ಇಟ್ಟ. ಒಂದು ರಾತ್ರಿಗೆ ಒಂದೇ ಬದಲಾವಣೆ, ಬೆಳಿಗ್ಗೆ ಮೊದಲ ಸಲ ಒತ್ತಿದಾಗ ಏನಾಯಿತು ಎಂಬುದು ಮಾತ್ರ ಲೆಕ್ಕ. ಆಮೇಲೆ ಆಗಿದ್ದೆಲ್ಲ ಲೆಕ್ಕಕ್ಕಿಲ್ಲ. ಮೊದಲ ರಾತ್ರಿ ಪ್ರೊಫೈಲ್ ಆಫ್: ಏಳಲಿಲ್ಲ. ಎರಡನೇ ರಾತ್ರಿ ಬಯೋಸ್ ಅಪ್‌ಡೇಟ್: ಏಳಲಿಲ್ಲ. ಮೂರನೇ ರಾತ್ರಿ ಒಂದು ಸ್ಟಿಕ್ ಮಾತ್ರ: ಎದ್ದಿತು. ನಾಲ್ಕನೇ ರಾತ್ರಿ ಅದೇ ಸ್ಲಾಟಿಗೆ ಇನ್ನೊಂದು ಸ್ಟಿಕ್: ಡಿ‍ರ‍್ಯಾಮ್ ದೀಪ, ಕಪ್ಪು ಪರದೆ. ‘ಅಪ್ಪಾ, ಇದss ನೋಡ್ರಿ ಅದು’ ಎಂದು ಬೆಳಿಗ್ಗೆ ಆರು ಗಂಟೆಗೆ ತಂದೆಯನ್ನು ಎಬ್ಬಿಸಿದನಂತೆ. ಐದನೇ ರಾತ್ರಿ ಖಾತ್ರಿಗಾಗಿ ಮತ್ತೆ ಮೊದಲಿನ ಸ್ಟಿಕ್: ಎದ್ದಿತು. ಹಗಲಲ್ಲಿ ಆ ಕೆಟ್ಟ ಸ್ಟಿಕ್ಕಿಗೆ ಮೆಮ್‌ಟೆಸ್ಟ್ ಓಡಿಸಿದಾಗ ಒಂದು ತಪ್ಪೂ ಸಿಕ್ಕಿರಲಿಲ್ಲ! ಬೆಚ್ಚಗಿದ್ದಾಗಿನ ಪರೀಕ್ಷೆಯಿಂದ ತಣ್ಣಗಿನ ರೋಗ ಗೊತ್ತಾಗದು.

ಅಂಗಡಿಗೆ ಹೋಗುವಾಗ ಅವರ ಕೈಯಲ್ಲಿ ಆ ನೋಟುಬುಕ್ಕೂ, ಮೊಬೈಲಿನಲ್ಲಿ ಎರಡು ವಿಡಿಯೊಗಳೂ ಇದ್ದವು. ಗೋಡೆ ಗಡಿಯಾರ, ಬಟನ್ ಒತ್ತುವ ಬೆರಳು, ಆರದ ದೀಪ ಮೂರೂ ಒಂದೇ ಚೌಕಟ್ಟಿನಲ್ಲಿ. ಅಷ್ಟಾದರೂ ಅಂಗಡಿಯವರು ಒಪ್ಪಿದ್ದು, ‘ರಾತ್ರಿ ನಿಮ್ಮಲ್ಲೇ ಇಟ್ಟುಕೊಳ್ಳಿ, ನಾಳೆ ಬಾಗಿಲು ತೆರೆದ ಕೂಡಲೇ ನಾನು ಬಂದ ಮೇಲೆ ಒತ್ತಿ’ ಎಂದು ತಂದೆ ಪಟ್ಟು ಹಿಡಿದ ಮೇಲೆ. ಮರುದಿನ ಮೊದಲ ಲೋಕಲ್ ಹಿಡಿದು ಹೋಗಿ ನಿಂತರು. ಅಂಗಡಿಯವರ ಕಣ್ಣೆದುರೇ ಅದು ಏಳಲಿಲ್ಲ.

ಇದೆಲ್ಲ ಸಾಧ್ಯವಾದದ್ದು ಅವರ ಹತ್ತಿರ ಪಕ್ಕಾ ಬಿಲ್ ಇದ್ದುದರಿಂದ. ಈ ಬೀದಿಗಳಲ್ಲಿ ‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ’ ಎಂಬ ಮಾತು ಕೇಳದವರಿಲ್ಲ. ಶೇಕಡಾ 18 ಎಂದರೆ ಆಸೆಯಾಗುವುದು ಸಹಜ. ಆದರೆ ಬಿಡಿಭಾಗಗಳ ಸೀರಿಯಲ್ ನಂಬರ್ ಬರೆದ ಬಿಲ್ ಇಲ್ಲದಿದ್ದರೆ ವಾರಂಟಿಯ ಮಾತೂ ಇಲ್ಲ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿದರೆ ತೋರಿಸಲು ಕಾಗದವೂ ಇಲ್ಲ. ರಜೆಗೆ ಊರಿಗೆ ಹೋದಾಗ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೊಂಡು ರೈಲಿನಲ್ಲಿ ತರುವವರಿಗೆ ಇದು ಇನ್ನೂ ಮುಖ್ಯ. ಅಂಗಡಿಯವರು ಸಾವಿರ ಕಿಲೋಮೀಟರ್ ದೂರದಲ್ಲಿದ್ದಾಗ ಕೈಹಿಡಿಯುವುದು ಬಿಲ್ ಮತ್ತು ಖಾಲಿ ಡಬ್ಬಿಗಳು ಮಾತ್ರ. ಅಟ್ಟದಲ್ಲಿ ಜಾಗವಿಲ್ಲವೆಂದು ಡಬ್ಬಿಗಳನ್ನು ರದ್ದಿಯವನಿಗೆ ಕೊಡುವ ಮೊದಲು ತುಸು ಯೋಚಿಸಿ.

ಡೊಂಬಿವಲಿಯ ಯಂತ್ರಕ್ಕೆ ಅಂಗಡಿಯವರು ಕೆಟ್ಟ ಸ್ಟಿಕ್ ಒಂದನ್ನೇ ಬದಲಿಸಿ ಕೊಡಲು ನೋಡಿದರು. ಮಗ ಒಪ್ಪಲಿಲ್ಲ. ಜೋಡಿಯಾಗಿ ಮಾರಿದ ರ‍್ಯಾಮನ್ನು ಜೋಡಿಯಾಗಿಯೇ ಪರೀಕ್ಷಿಸಿರುತ್ತಾರೆ. ಬೇರೆ ಬ್ಯಾಚಿನ ಒಂಟಿ ಸ್ಟಿಕ್ ಸೇರಿಸಿದರೆ ಹಳೆಯ ತಕರಾರು ಹೊಸ ಹೆಸರಿನಲ್ಲಿ ವಾಪಸಾಗಬಹುದು. ಎಂಟು ದಿನ ಕಾದು ಹೊಸ ಜೋಡಿ ತಂದು ಮನೆಯಲ್ಲೇ ಹಾಕಿದರು. ಬಟನ್ ಒತ್ತಿದ ಮೇಲೆ ಎರಡು ನಿಮಿಷಕ್ಕೂ ಮಿಕ್ಕಿ ಪರದೆ ಕಪ್ಪಾಗಿಯೇ ಇತ್ತು. ಅದು ಟ್ರೈನಿಂಗ್ ಎಂದು ಈ ಸಲ ಮನೆಮಂದಿಗೆಲ್ಲ ಗೊತ್ತಿತ್ತು, ಯಾರೂ ಬಟನ್ ಮುಟ್ಟಲಿಲ್ಲ.